ಹಿಂದಕ್ಕೆ ಚಾಚಿದ ಕೈ

ಕೈಗೆ ಬಂದ ವಿದ್ಯೆ ಆ ಕೈಯ ಜೊತೆಗೇ ಮಣ್ಣಿಗೆ ಹೋಗುತ್ತದೆ ಎಂದು ನಮ್ಮ ಕಡೆ ಹೇಳುತ್ತಿದ್ದರು. ಈಗ ಯಾರೂ ಹಾಗೆ ಹೇಳುವುದಿಲ್ಲ. ದಾವಲಸಾಬ ಮಿಸ್ತ್ರಿ ತೀರಿಕೊಂಡಿದ್ದ, ಅವನ ಗೋರಿಯ ಮೇಲೆ ಹುಲ್ಲು ಬೆಳೆದು ಒಣಗಿಯೂ ಆಗಿತ್ತು. ಆದರೆ ಅವನ ಕೈ ಮಾತ್ರ ಊರ ಹೊರಗಿನ ತರಬೇತಿ ಕೇಂದ್ರದಲ್ಲಿ ದಿನಾ ಬೆಳಿಗ್ಗೆ ಕಲ್ಲು ಕಟ್ಟುತ್ತಿತ್ತು. ಕಟ್ಟುತ್ತಿದ್ದುದು ಹನ್ನೆರಡು ಜನ ಹೆಣ್ಣುಮಕ್ಕಳ ತೋಳಿನೊಳಗೆ. ಅವರಲ್ಲೊಬ್ಬಳು ನನ್ನ ಸೊಸೆ ಸುಂಕವ್ವ.

ಇದು ಹೇಗಾಯಿತು ಎಂದರೆ, ಮೊದಲು ಬಿಸಿಲಿನ ಮಾತು ಹೇಳಬೇಕು. ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತ ಹೋಗಿ ನಮ್ಮ ಕೊಪ್ಪಳ ಸೀಮೆಯ ಸಿಮೆಂಟಿನ ಮನೆಗಳೆಲ್ಲ ಒಲೆಗಳಾದವು. ಹಗಲೆಲ್ಲ ಕುಡಿದ ಬಿಸಿಯನ್ನು ಹೊತ್ತು ಮುಳುಗಿದ ಮೇಲೆ ಒಳಗೆ ಕಾರುತ್ತಿದ್ದವು. ಕರೆಂಟು ಹೋದರೆ ವಯಸ್ಸಾದವರು ಉಳಿಯುತ್ತಿರಲಿಲ್ಲ. ಕಡೆಗೆ ಸಿಮೆಂಟು ಸೇತುವೆಗೆ, ಆಸ್ಪತ್ರೆಗೆ ಮಾತ್ರ ಎಂದಾಯಿತು. ಉಳಿದವರೆಲ್ಲ ದಪ್ಪ ಕಲ್ಲಿನ ಗೋಡೆ, ಸುಣ್ಣದ ಗಚ್ಚು, ಹಳೆಯ ಪದ್ಧತಿಯ ತಂಪು ಮನೆಗೆ ಮರಳಬೇಕಾಯಿತು. ಕಲ್ಲಿಗೇನು ಬರ, ನಮ್ಮಲ್ಲಿ ಗುಡ್ಡವೇ ಕಲ್ಲು. ಆದರೆ ಕಟ್ಟುವವರು ಎಲ್ಲಿ? ಕಲ್ಲು ಕಟ್ಟುವ ಗೌಂಡಿ ಎಂದು ಹುಡುಕಿದರೆ ಸುತ್ತಲಿನ ಊರುಗಳಲ್ಲೆಲ್ಲ ಸಿಕ್ಕವನು ದಾವಲಸಾಬ ಒಬ್ಬನೇ. ಅವನಿಗೂ ದಮ್ಮು ಹತ್ತಿತ್ತು.

ಆಗ ಬಂದದ್ದು ಕೈಯಂಗಿ. ಅದಕ್ಕೆ ಕೇಂದ್ರದವರು ಇಟ್ಟ ಹೆಸರು ಬೇರೆ, ನಮ್ಮ ಬಾಯಿಗೆ ಬಂದದ್ದು ಇದು. ಬೆರಳ ತುದಿಯಿಂದ ಹೆಗಲಿನವರೆಗೆ ಬರುವ ತೆಳ್ಳನೆಯ ತೋಳು, ಹಾವಿನ ಪೊರೆಯಂತೆ ಇರುತ್ತದೆ. ಬಲ್ಲವನು ಅದನ್ನು ತೊಟ್ಟು ಕೆಲಸ ಮಾಡಿದರೆ ಅವನ ನರ ಯಾವಾಗ ಬಿಗಿಯಿತು, ಯಾವಾಗ ಸಡಿಲಿತು, ಸುತ್ತಿಗೆ ಎಷ್ಟು ಎತ್ತರದಿಂದ ಬಿತ್ತು ಎಲ್ಲವನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಕಲಿಯುವವರು ತೊಟ್ಟರೆ ಸಣ್ಣ ಕರೆಂಟಿನ ಕಚಗುಳಿಯಿಂದ ಅವರ ತೋಳನ್ನು ಅದೇ ದಾರಿಯಲ್ಲಿ ನಡೆಸುತ್ತದೆ. ದಿನ ಹೋದಂತೆ ಕಚಗುಳಿ ಕಡಿಮೆ ಮಾಡುತ್ತಾರೆ. ಕೊನೆಗೆ ಅಂಗಿ ಬಿಚ್ಚಿದರೂ ಕೈ ಆ ದಾರಿ ಬಿಡುವುದಿಲ್ಲ.

ನಾನು ಗೌಂಡಿಯಲ್ಲ, ದಾವಲಸಾಬನ ಕೈಯಾಳು. ತಲೆಗೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವವರೆಗೆ ಅವನ ಹಿಂದೆ ಗಚ್ಚು ಕಲಸಿದೆ, ಬುಟ್ಟಿ ಹೊತ್ತೆ, ಕಲ್ಲು ಕೊಟ್ಟೆ. ಹೆಣ್ಣು ಗಚ್ಚು ಹಾಕುವ ಥಾಪಿ ಹಿಡಿದರೆ ಗೋಡೆ ಬಿರಿಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಅದೇ ಹೆಣ್ಣು ಗೋಡೆಯ ಕಲ್ಲನ್ನೆಲ್ಲ ತಲೆಯ ಮೇಲೆ ಹೊತ್ತು ತಂದರೆ ಏನೂ ಆಗುತ್ತಿರಲಿಲ್ಲ. ಸುಂಕವ್ವನೂ ಮದುವೆಯಾಗಿ ಬಂದಾಗಿನಿಂದ ನನ್ನ ಹಿಂದೆಯೇ ಬುಟ್ಟಿ ಹೊತ್ತವಳು. ಈಗ ಕೇಂದ್ರದವರು ಹೆಣ್ಣುಮಕ್ಕಳೂ ಗೌಂಡಿಗಳಾಗಬಹುದು ಎಂದರು. ಬೇಸಿಗೆಯ ಕೊನೆಗೆ ಪರೀಕ್ಷೆ. ಪಾಸಾದರೆ ಗೌಂಡಿ ಎಂದು ಕಾರ್ಡು, ಇಲ್ಲದಿದ್ದರೆ ಕೈಯಾಳು ಎಂದು ಕಾರ್ಡು. ಕಾರ್ಡಿನ ಮೇಲೆ ಏನಿದೆಯೋ ಗುತ್ತಿಗೆದಾರ ಅದನ್ನಷ್ಟೇ ಓದುತ್ತಾನೆ. ಒಮ್ಮೆ ಕೈಯಾಳು ಎಂದು ಬಿದ್ದರೆ ಅದು ಹಣೆಬರಹ.

"ಅತ್ತಿ, ನಾ ಈ ಸಲ ಬಿಡಂಗಿಲ್ರಿ" ಎಂದಿದ್ದಳು ಸುಂಕವ್ವ. ಹೆಚ್ಚು ಮಾತಿನವಳಲ್ಲ. ಅಷ್ಟು ಹೇಳಿದ್ದೇ ಬಹಳ.

ನನಗೂ ಅಲ್ಲೇ ಕೆಲಸ ಸಿಕ್ಕಿತು. ಕಲಿಯುವವರಿಗೆ ಗಚ್ಚು ಕಲಸಿಕೊಡುವುದು.

ಮೊದಲ ದಿನಗಳಲ್ಲಿ ನೋಡಲು ಚೆಂದವಿತ್ತು. ಥಾಪಿಯಿಂದ ಗಚ್ಚು ಎತ್ತಿ ಮಣಿಕಟ್ಟು ತಿರುಗಿಸಿ ಒಗೆಯುವ ರೀತಿ, ಕಲ್ಲನ್ನು ಹೊಟ್ಟೆಗೆ ಒತ್ತಿಕೊಂಡು ಅದರ ಮುಖ ಹುಡುಕುವ ರೀತಿ, ಎಲ್ಲ ದಾವಲಸಾಬನದೇ. ಹನ್ನೆರಡು ಸೀರೆಗಳೊಳಗೆ ಒಬ್ಬನೇ ಮುದುಕ ಓಡಾಡುತ್ತಿದ್ದ. ಆದರೆ ಒಂದು ಕಲ್ಲು ಕೂರಿಸಿ ಸುತ್ತಿಗೆಯಿಂದ ಬಡಿದಾದ ಮೇಲೆ ಎಲ್ಲರ ಎಡಗೈಯೂ ಬೆನ್ನ ಹಿಂದಕ್ಕೆ ಹೋಗುತ್ತಿತ್ತು. ಅಂಗೈ ಮೇಲೆ, ಬೆರಳು ತುಸು ಬಾಗಿ. ಹಾಗೆಯೇ ನಿಲ್ಲುತ್ತಿತ್ತು. ಒಂದಿಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಖಾಲಿ ಕೈ ಮುಂದೆ ಬಂದು ಇನ್ನೊಂದು ಕಲ್ಲಿಗೆ ಹೋಗುತ್ತಿತ್ತು.

"ಸತ್ತ ಮ್ಯಾಲೂ ಚಾ ಬೇಡತಾನ ನೋಡ್ರವಾ ಈ ಮುದುಕ" ಎಂದಳು ಖೈರುನ್‌ಬಿ. ಅವಳು ಸುಂಕವ್ವನ ಪಕ್ಕದ ಗೋಡೆಯವಳು, ಬಾಯಿ ಜೋರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗ ಎದೆಯೊಳಗೆ ಒಂದು ಕಲ್ಲು ಸರಿದಂತಾಯಿತು.

ಆ ಕೈ ಚಾ ಬೇಡುತ್ತಿರಲಿಲ್ಲ. ನಾನು ಸೇರುವ ಮುಂಚೆ ಒಮ್ಮೆ ದಾವಲಸಾಬ ಅಟ್ಟಣಿಗೆಯ ಮೇಲೆ ಹಿಂತಿರುಗಿ ನೋಡಿ ಬಿದ್ದು ಸೊಂಟ ಮುರಿದುಕೊಂಡಿದ್ದ. ಅಂದಿನಿಂದ ಗೋಡೆಯ ಮುಂದೆ ನಿಂತರೆ ತಿರುಗುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಕೈ ಹಿಂದಕ್ಕೆ ಚಾಚುತ್ತಿದ್ದ. ನಾನು ಅದರಲ್ಲಿ ಚಕ್ಕೆ ಇಡುತ್ತಿದ್ದೆ. ನಮ್ಮ ಕಲ್ಲು ಇಟ್ಟಿಗೆಯಲ್ಲ, ಒಂದರಂತೆ ಒಂದಿರುವುದಿಲ್ಲ. ಎರಡು ಕಲ್ಲು ಕೂತ ಮೇಲೆ ನಡುವೆ ಒಂದು ಸಂದು ಉಳಿಯುತ್ತದೆ. ಅದಕ್ಕೆ ತಕ್ಕ ಸಣ್ಣ ಕಲ್ಲಿನ ಚಕ್ಕೆ ಬಡಿದು ಬಿಗಿಮಾಡಬೇಕು. ಸಣ್ಣದಾದರೆ ಅಲುಗುತ್ತದೆ, ದೊಡ್ಡದಾದರೆ ಕಲ್ಲನ್ನೇ ಹೊರಗೆ ನೂಕುತ್ತದೆ.

ಅವನ ಕೈಯನ್ನು ಹಿಡಿದಿಟ್ಟ ದಿನ ಕೇಂದ್ರದವರು ಅವನೊಬ್ಬನನ್ನೇ ಜೀಪಿನಲ್ಲಿ ಕರೆದೊಯ್ದಿದ್ದರು. ಹುಲಿಗೆವ್ವನೂ ಬರಲಿ ಎಂದು ನನ್ನ ಹೆಸರು ಹೇಳಿದನಂತೆ. ಕೈಯಾಳುಗಳು ನಮ್ಮಲ್ಲೇ ಇದ್ದಾರೆ ಎಂದರಂತೆ. ಸಂಜೆ ಬಂದು ನನ್ನ ಮನೆಯ ಕಟ್ಟೆಯ ಮೇಲೆ ಕೂತು ಕೆಮ್ಮುತ್ತ ಹೇಳಿದ್ದ: "ಅಲ್ಲಿ ಹುಡುಗರು ಕಲ್ಲ ಹೆಂಗ ಕೊಡತಾವಂದ್ರ ಬೇ, ಚೀಲದಾಗಿಂದ ಬಟಾಟಿ ಕೊಟ್ಟಂಗ."

ಮನೆಯಲ್ಲೂ ಆ ಕೈ ಸುಂಕವ್ವನನ್ನು ಬಿಡಲಿಲ್ಲ. ಅಂಗಿ ಬಿಚ್ಚಿ ಬಂದು ರೊಟ್ಟಿ ಬಡಿಯಲು ಕೂತರೆ, ಒಂದು ರೊಟ್ಟಿ ಹಂಚಿನ ಮೇಲೆ ಬೀಳುತ್ತಲೇ ಎಡಗೈ ಹಿಂದಕ್ಕೆ ಹೋಗಿ ನಿಲ್ಲುತ್ತಿತ್ತು. ನನ್ನ ಮಗ ಕನಕಪ್ಪ ನೀರಿನ ಟ್ಯಾಂಕರ್ ಓಡಿಸುವವನು, ಕೆಲಸ ಮುಗಿಸಿ ಬಂದವನು ಅದನ್ನು ನೋಡಿ, "ಏನ್ ಬೇಕಾಗಿತ್ರಿ ಮಿಸ್ತ್ರಿ?" ಎಂದು ಅಂಗೈಯಲ್ಲಿ ಒಂದು ಉಳ್ಳಾಗಡ್ಡಿ ಇಟ್ಟ.

"ಉಳ್ಳಾಗಡ್ಡಿ ಗ್ವಾಡ್ಯಾಗ ಹಿಡಿಯಂಗಿಲ್ಲ" ಎಂದಳು ಸುಂಕವ್ವ ತಿರುಗದೆ. ಆಮೇಲೆ ಕೈಯನ್ನು ಮಡಿಲಿಗೆ ತಂದುಕೊಂಡು ನೋಡಿದಳು. "ಅತ್ತಿ, ಇದು ಚಕ್ಕಿ ಬೇಡತೈತಿ ಅಲ್ಲೇನ್ರಿ?"

"ಹೂಂ."

"ಎಂಥಾ ಚಕ್ಕಿ ಅಂತ ಮಿಸ್ತ್ರಿ ಹೇಳತಿದ್ರೇನು?"

"ಅಂವ ಯಾವತ್ತೂ ಹೇಳಿಲ್ಲ."

"ಮತ್ತ ನೀವು ಹೆಂಗ ಕೊಡತಿದ್ರಿ?"

"ಕೊಡತಿದ್ದೆನವ್ವಾ" ಎಂದೆ. ರೊಟ್ಟಿ ಸೀದಿತು.

ಕೇಂದ್ರದಲ್ಲಿ ಗಾಜಿನ ಕೋಣೆಯೊಂದಿತ್ತು. ಅಲ್ಲಿ ವೈಜಯಂತಿ ಎಂಬ ಇಂಜಿನಿಯರ್ ಹುಡುಗಿ ಕೂರುತ್ತಿದ್ದಳು, ದಾವಣಗೆರೆ ಕಡೆಯವಳು. ಅವಳ ಮುಂದಿನ ಪರದೆಯ ಮೇಲೆ ಹನ್ನೆರಡು ತೋಳುಗಳ ಗೆರೆಗಳು ಹರಿಯುತ್ತಿದ್ದವು. ಕೈ ಹಿಂದಕ್ಕೆ ಹೋಗಿ ನಿಂತಾಗ ಹನ್ನೆರಡೂ ಗೆರೆ ಒಟ್ಟಿಗೆ ಚಪ್ಪಟೆಯಾಗುತ್ತಿದ್ದವು. ಅದು ವೃಥಾ ಹೊತ್ತು ಎಂದು ಅವಳು ಒಂದು ವಾರ ಅದನ್ನು ಕತ್ತರಿಸಿ ತೆಗೆದು ನೋಡಿದಳು. ಕೆಲಸ ಸರಸರ ಸಾಗಿತು. ಗೋಡೆಯ ಮುಖ ಕನ್ನಡಿಯಂತೆ ಬಂತು. ಮೇಲಿನಿಂದ ಒಂದು ಕೊಡ ನೀರು ಸುರಿದಾಗ ಮಾತ್ರ ನೀರು ಬುಡದಿಂದ ಬುಳಬುಳ ಹೊರಗೆ ಬಂತು. ಒಳಗೆಲ್ಲ ಪೊಳ್ಳು. ಪರೀಕ್ಷೆಯಲ್ಲೂ ಹೀಗೆಯೇ ನೀರು ಸುರಿಯುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು.

ಮರುದಿನ ಕೈ ಮತ್ತೆ ಹಿಂದಕ್ಕೆ ಬರತೊಡಗಿತು. ನಾನು ಗಚ್ಚಿನ ಬುಟ್ಟಿ ಇಟ್ಟು ಸುಂಕವ್ವನ ಹಿಂದೆ ಹೋಗಿ ನಿಂತೆ. ಯಾರೂ ಹೇಳಿರಲಿಲ್ಲ. ಅವಳು ಕಲ್ಲು ಕೂರಿಸಿದಳು, ಬಡಿದಳು, ಕೈ ಬಂತು. ಚಕ್ಕೆ ಇಟ್ಟೆ. ಕೈ ಮುಂದೆ ಹೋಯಿತು. ಒಂದೇ ಏಟಿಗೆ ಚಕ್ಕೆ ಒಳಗೆ ಕೂತಿತು. ಆಮೇಲೆ ಇನ್ನೊಂದು.

ವೈಜಯಂತಿ ಗಾಜಿನ ಕೋಣೆಯಿಂದ ಹೊರಗೆ ಬಂದು ಸುಮ್ಮನೆ ನಿಂತು ನೋಡಿದಳು. ಸಾಲು ಮುಗಿದ ಮೇಲೆ ಹೇಳಿದಳು: "ಅಜ್ಜಿ, ನಾವು ಅರ್ಧ ಗೌಂಡೀನ ಮಾತ್ರ ಹಿಡಿದಿಟ್ಕೊಂಡಿದೀವಿ. ಉಳಿದರ್ಧ ನೀವು."

ಹೀಗೆ ನನ್ನ ತೋಳಿಗೂ ಕೈಯಂಗಿ ಬಂತು. ತಣ್ಣಗಿತ್ತು. ಸುಂಕವ್ವ ಕಟ್ಟುವಳು, ನಾನು ಕೊಡುವೆನು. ಕೆಲವು ದಿನ ಹಾಗೆ ನಡೆಯಿತು. ಪರದೆಯಲ್ಲಿ ಏನೂ ಸಿಗುತ್ತಿಲ್ಲ ಎಂದು ಹುಡುಗಿ ತಲೆ ಕೆರೆದುಕೊಂಡಳು. ನನ್ನ ಕೈ ಬಗ್ಗುತ್ತದೆ, ಚಕ್ಕೆ ಎತ್ತುತ್ತದೆ, ಕೊಡುತ್ತದೆ. ಅದನ್ನು ಯಾರಾದರೂ ಮಾಡಬಹುದು. ಆಮೇಲೆ ಸುತ್ತಿಗೆಯ ಸದ್ದನ್ನೂ ಗೆರೆಯ ಪಕ್ಕದಲ್ಲಿ ಕೂರಿಸಿ ನೋಡಿದಳು. ನನ್ನನ್ನು ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು.

"ಇಲ್ಲಿ ನೋಡಿ. ಇದು ಕಲ್ಲಿನ ಮೇಲೆ ಬಿದ್ದ ಏಟು. ಸುಂಕವ್ವನ ಕೈ ಇನ್ನೂ ಹಿಂದಕ್ಕೆ ಬಂದೇ ಇಲ್ಲ. ಆದ್ರೆ ನಿಮ್ಮ ಹೆಬ್ಬೆರಳು, ನಡುಬೆರಳು ಆಗ್ಲೇ ಇಷ್ಟಗಲ ತೆರ್ಕೊಂಡಿವೆ. ಆಮೇಲೆ ನೀವು ಎತ್ತಿದ ಚಕ್ಕೆ ಸರಿಯಾಗಿ ಅಷ್ಟೇ ಅಗಲ."

"ಹಂಗೆಲ್ಲ ನಾ ಮಾಡಿಲ್ಲವ್ವಾ."

"ಮಾಡಿದೀರಿ ಅಜ್ಜಿ. ಕಲ್ಲು ಕೂತ ಸದ್ದಿನಿಂದ ಒಳಗೆ ಎಷ್ಟು ಖಾಲಿ ಇದೆ ಅಂತ ನಿಮ್ಮ ಬೆರಳಿಗೆ ಗೊತ್ತಾಗ್ತಿದೆ. ನಿಮಗೆ ಗೊತ್ತಾಗೋದಕ್ಕೂ ಮುಂಚೆ. ನಂಗೂ ಈಗ್ಲೇ ಗೊತ್ತಾದದ್ದು."

ನಾವಿಬ್ಬರೂ ಸ್ವಲ್ಪ ಹೊತ್ತು ನನ್ನ ಬೆರಳುಗಳನ್ನು ನೋಡುತ್ತ ಕೂತೆವು, ಬೇರೆ ಯಾರದೋ ವಸ್ತುವನ್ನು ನೋಡುವಂತೆ. ಹೊಸ ಅಂಗಿಗೆ ಒಂದು ಕಿವಿಯನ್ನೂ ಹೊಲಿದಳು, ಸದ್ದು ಕೇಳಲೆಂದು. ಅದನ್ನು ತೊಟ್ಟವರು ಏಟು ಕೇಳಿದೊಡನೆ ಬೆರಳು ತೆರೆಯುತ್ತಿದ್ದರು. ಒಬ್ಬರು ಮಿಸ್ತ್ರಿಯ ಅಂಗಿ, ಇನ್ನೊಬ್ಬರು ನನ್ನ ಅಂಗಿ ತೊಟ್ಟು ಕಟ್ಟಿದ ಗೋಡೆಯ ಮೇಲೆ ನೀರು ಸುರಿದರೆ ಅದು ಕೆಳಗಿಳಿಯಲಿಲ್ಲ. ಅಂದು ಸಂಜೆ ಕನಕಪ್ಪ ಮಿರ್ಚಿ ತಂದ. "ಅವ್ವನ ಕೈಗೆ ಕರೆಂಟ್ ಬಂತಂತ" ಎಂದು ಓಣಿಯ ತುಂಬ ಹೇಳಿಕೊಂಡು ಬಂದಿದ್ದ.

ಆ ಸಂತೋಷ ಸೋಮವಾರದವರೆಗೆ ಇತ್ತು.

ಕೇಂದ್ರದ ಮೇಲ್ವಿಚಾರಕರು ಮುದಗಲ್ ಸಾಹೇಬರು. ಕೆಟ್ಟವರಲ್ಲ. ಒಂದು ಕಾಲಕ್ಕೆ ತಾವೂ ಗುತ್ತಿಗೆ ಹಿಡಿದು ಮನೆ ಕಟ್ಟಿಸಿದವರು. ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ಇನ್ನ ಮ್ಯಾಲೆ ಜೋಡಿ ಜೋಡಿ. ಅರ್ಧ ಮಂದಿ ಗೌಂಡಿ, ಅರ್ಧ ಮಂದಿ ಕೈಯಾಳು. ದಾವಲಸಾಬ, ಹುಲಿಗೆವ್ವ ಇದ್ರಲ್ಲ, ಹಂಗ ಆರು ಜೋಡಿ ಹೊರಗ ಹೋಗ್ರಿ. ಯಾರ ತೋಳು ಯಾವ ಅಂಗೀನ ಲಗೂನ ಹಿಡೀತು ಅಂತ ಮಷಿನ್ನ ಹೇಳೈತಿ, ನಾ ಹೇಳಿದ್ದಲ್ಲ."

ಖೈರುನ್‌ಬಿ ಗೌಂಡಿ. ಅವಳ ಕೈಯಾಳು ಸುಂಕವ್ವ.

ನಾನು ಸಾಹೇಬರ ಹಿಂದೆ ಹೋದೆ. "ಸಾಹೇಬ್ರ, ಆಕಿ ಗೌಂಡಿ ಆಗಾಕ ಬಂದಾಕಿ."

"ನಿಮ್ಮ ಕೈ ಆಕೀಗೆ ಎಲ್ಲಾರಿಗಿಂತ ಚಂದ ಕೂತೈತಿ ಹುಲಿಗೆವ್ವ. ಮನ್ಯಾಗ ದಿನಾ ನಿಮ್ಮನ್ನ ನೋಡಿ ಬಂದೈತಿ. ನೀವು ಖುಷಿ ಪಡಬೇಕು."

ಮನೆಗೆ ಬರುವ ದಾರಿಯಲ್ಲಿ ಸುಂಕವ್ವ ನನಗಿಂತ ಮುಂದೆ ನಡೆದಳು. ನೀರು ತುಂಬಿದಳು, ಒಲೆ ಹಚ್ಚಿದಳು. ಆಮೇಲೆ ಸಿಟ್ಟಿಲ್ಲದೆ, ಲೆಕ್ಕ ಹೇಳುವವಳಂತೆ ಹೇಳಿದಳು: "ಇಷ್ಟು ದಿನ ನಿಮ್ಮ ಹಿಂದ ಬುಟ್ಟಿ ಹೊತ್ತೆ. ಈಗ ಕೈನೂ ನಿಮ್ಮದ ಕೊಟ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂಗಿಗೆ ತಮ್ಮ ಕೈ ಕೊಟ್ಟವರು ಕೇಳಿದರೆ ಅದನ್ನು ಅಳಿಸಲೇಬೇಕು ಎಂಬ ನಿಯಮವಿತ್ತು. ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ವೈಜಯಂತಿಯೇ ಓದಿ ಹೇಳಿದ್ದಳು. ಮರುದಿನ ಗಾಜಿನ ಕೋಣೆಗೆ ಹೋಗಿ, "ನನ್ನ ಕೈ ಅಳಿಸವ್ವಾ" ಎಂದೆ.

ಅವಳು ಎದ್ದು ಬಾಗಿಲು ಹಾಕಿದಳು. "ಸುಂಕವ್ವನಿಗೋಸ್ಕರ ಅಲ್ವಾ?"

"ನನ್ನ ಕೈ ಇದ್ದಿದ್ದಕ್ಕ ಆಕಿ ಕೈಯಾಳಾದ್ಲು. ಕೈ ಇಲ್ಲಂದ್ರ ಯಾರನ್ನ ಮಾಡತಾರ?"

"ಆಗ ಗೋಡೆ ಮತ್ತೆ ಪೊಳ್ಳು ಅಜ್ಜಿ. ಹನ್ನೆರಡು ಜನಾನೂ ಫೇಲಾಗ್ತಾರೆ. ಸುಂಕವ್ವನೂ." ಸ್ವಲ್ಪ ತಡೆದು, "ಆದ್ರೂ ಕೈ ನಿಮ್ಮದು. ನೀವು ಹೇಳಿದ ಹಾಗೆ" ಎಂದು ಪರದೆಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದಳು.

ಹೂಂ ಎನ್ನಲು ಬಾಯಿ ತೆರೆದೆ. ಗಾಜಿನಾಚೆಯಿಂದ ನೋಡುತ್ತಿದ್ದ ಸುಂಕವ್ವ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಕೈಯೆಲ್ಲ ಸುಣ್ಣ.

"ಅಳಿಸಬ್ಯಾಡ್ರಿ" ಎಂದಳು. "ಎರಡೂ ನನಗ ಹಾಕ್ರಿ."

"ಎರಡು ಏನು?"

"ಮಿಸ್ತ್ರಿದೂ, ಅತ್ತೀದೂ. ಒಂದ ತೋಳಿಗೆ."

ವೈಜಯಂತಿ ಬೇಡವೆಂದಳು. ಅದನ್ನು ಯಾರೂ ಮಾಡಿಲ್ಲ ಎಂದಳು. ಒಂದು ಕೈ ಕಾಯುವುದನ್ನು ಕಲಿತಿದೆ, ಇನ್ನೊಂದು ಯಾರನ್ನೂ ಕಾಯಿಸದಿರುವುದನ್ನು ಕಲಿತಿದೆ, ಎರಡೂ ಒಂದೇ ನರದಲ್ಲಿ ಜಗಳವಾಡುತ್ತವೆ ಎಂದಳು. "ಬಹಳ ದಿನ ಎಳೆದ್ರೆ ನಿನ್ನ ಸ್ವಂತ ಕೈ ಕೂಡ ಮರೆತು ಹೋಗಬಹುದು, ಸುಂಕವ್ವ."

"ಅತ್ತಿ-ಸೊಸಿ ಒಂದ ಒಲಿ ಮುಂದ ಇಲ್ಲೇನ್ರಿ? ಜಗಳಾಡತಾವ, ಆಮ್ಯಾಲೆ ಸುಮ್ಮನಾಗತಾವ."

ಮುದಗಲ್ ಸಾಹೇಬರು ಕೇಳಿ ನಕ್ಕರು, ಆಮೇಲೆ ಗಂಭೀರವಾದರು. ಪರೀಕ್ಷೆಗೆ ಕೂರಲಿ, ಆದರೆ ಒಬ್ಬಳೇ ಕಟ್ಟಬೇಕು, ಹಿಂದೆ ಯಾರೂ ನಿಲ್ಲುವ ಹಾಗಿಲ್ಲ, ಬಿದ್ದರೆ ಕೈಯಾಳು ಕಾರ್ಡು, ಮತ್ತೆ ಮಾತಿಲ್ಲ ಎಂದರು. ಅವಳು ಆಗಲಿ ಎಂದಳು. ಬೆಳಿಗ್ಗೆ ಮಿಸ್ತ್ರಿಯ ಅಂಗಿ, ಮಧ್ಯಾಹ್ನದ ಮೇಲೆ ನನ್ನದು. ಸುಂಕವ್ವನಿಗೆ ಹಾಗೆ ಹಾಕತೊಡಗಿದರು.

ಆ ದಿನಗಳು ಚೆನ್ನಾಗಿರಲಿಲ್ಲ. ಎಡಗೈ ಯಾವುದನ್ನೂ ನೆಟ್ಟಗೆ ಹಿಡಿಯಲಿಲ್ಲ. ತಾಟು ಹಿಡಿದರೆ ಬೆರಳು ತಾವಾಗಿ ತೆರೆದು ತಾಟು ಬೀಳುತ್ತಿತ್ತು. ಪಕ್ಕದ ಮನೆಯಲ್ಲಿ ಯಾರೋ ಒನಕೆ ಹಾಕಿದರೂ ಇವಳ ಬೆರಳು ಅಗಲವಾಗುತ್ತಿದ್ದವು. ಕುಬಸದ ಗುಂಡಿ ನಾನೇ ಹಾಕಿಕೊಟ್ಟೆ. ತಲೆ ಬಾಚಿ ಹೆರಳು ಹಾಕಿಕೊಟ್ಟೆ. ಕನಕಪ್ಪ ರೊಟ್ಟಿ ಬಡಿಯಲು ಕೂತ. ಅವನ ರೊಟ್ಟಿಗೆ ಎಷ್ಟು ಮೂಲೆಗಳೋ ಅವನಿಗೇ ತಿಳಿಯದು.

"ಇದು ರೊಟ್ಟಿ ಅಲ್ರಿ" ಎಂದಳು ಸುಂಕವ್ವ. "ಕಟ್ಟೋ ಕಲ್ಲು. ಇದರ ಮುಖ ಯಾವ ಕಡಿ ಐತಿ?"

"ಚಕ್ಕಿ ಬಡದು ತಿನ್ನು" ಎಂದ ಅವನು.

ನಕ್ಕಳು. ನಗುವಾಗಲೂ ಆ ಕೈ ಮಡಿಲಿನಲ್ಲಿ ತೆರೆಯುತ್ತ ಮುಚ್ಚುತ್ತ ಇತ್ತು. ಅವನು ಅದನ್ನು ನೋಡಿ, ತಾಟು ಸರಿಸಿ, ತನ್ನ ಕೈಯಿಂದ ಅದನ್ನು ಮುಚ್ಚಿಕೊಂಡು ಕೂತ. ನಾನು ನೀರು ತರುವ ನೆಪದಲ್ಲಿ ಎದ್ದು ಹೊರಗೆ ಹೋದೆ.

ಅಂಗಳದಲ್ಲಿ ಅವಳ ಗೋಡೆ ಮತ್ತೆ ಮತ್ತೆ ಬಿತ್ತು. ಕೈ ಹಿಂದಕ್ಕೆ ಹೊರಟು ಅರ್ಧದಲ್ಲಿ ನಡುಗುತ್ತಿತ್ತು. ಸುತ್ತಿಗೆ ಕಾಲ ಮೇಲೆ ಬೀಳುತ್ತಿತ್ತು. ಖೈರುನ್‌ಬಿ ತನ್ನ ಸಾಲು ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. "ಏ ಸುಂಕಿ, ನೀ ಗೆದ್ರ ನಾನೂ ಎರಡೂ ಹಾಕ್ಕೋತೀನಿ. ಸೋತ್ರ ನಿನ್ನ ಬುಟ್ಟಿ ನನ್ನ ಹಿಂದ, ತಿಳೀತಿಲ್ಲ? ನಾ ಬಾಳ ಬಾಯಿ ಮಾಡೋ ಗೌಂಡಿ ಮತ್ತ."

"ನೀ ಗೌಂಡಿ ಆಗದಿದ್ರೂ ಬಾಯಿ ಇದ್ದದ್ದ" ಎಂದಳು ಇವಳು ಸುತ್ತಿಗೆ ಎತ್ತಿಕೊಳ್ಳುತ್ತ.

ಪರೀಕ್ಷೆಗೆ ಬಂದವರು ನಿವೃತ್ತ ಓವರ್‌ಸಿಯರ್ ಹಂಪಣ್ಣನವರು. ಬಿಳಿ ಟೊಪ್ಪಿಗೆ, ಕೊಡೆ, ಕಡಿಮೆ ಮಾತು. ಆ ದಿನ ಯಾರೂ ಅಂಗಿ ತೊಡುವಂತಿರಲಿಲ್ಲ, ಬರಿಗೈ. ಉಳಿದವರು ಜೋಡಿ ಜೋಡಿಯಾಗಿ ನಿಂತರು; ಖೈರುನ್‌ಬಿಗೆ ಪಕ್ಕದ ಜೋಡಿಯ ಕೈಯಾಳೇ ಚಕ್ಕೆ ಕೊಡಬೇಕಾಯಿತು. ಸುಂಕವ್ವನಿಗೆ ಕೊನೆಯ ಜಾಗ, ಗೋಡೆ ಮೂಲೆ ತಿರುಗುವ ಕಡೆ. ಅವಳ ಪಕ್ಕದಲ್ಲಿ ಒಂದು ಕಲ್ಲಿನ ರಾಶಿ, ಒಂದು ಚಕ್ಕೆಯ ರಾಶಿ, ಗಚ್ಚಿನ ಬುಟ್ಟಿ. ನಾನು ಹಗ್ಗದಾಚೆ ನೋಡುವವರ ನಡುವೆ ನಿಂತೆ. ವೈಜಯಂತಿ ಬಂದು ನನ್ನ ಪಕ್ಕದಲ್ಲಿ ನಿಂತಳು. ಹಿಂದಿನ ಸಂಜೆಯವರೆಗೂ ಅವಳ ಪರದೆಯ ಮೇಲೆ ಸುಂಕವ್ವನ ಗೆರೆ ಸಿಕ್ಕಾದ ನೂಲಿನಂತೆಯೇ ಇತ್ತು ಎಂದು ನನಗೆ ಗೊತ್ತಿತ್ತು.

ಸುಂಕವ್ವ ಮೂಲೆಗಲ್ಲು ಎತ್ತಿ ಹೊಟ್ಟೆಗೆ ಒತ್ತಿಕೊಂಡಳು. ಮುಖ ಹುಡುಕಿದಳು, ಗಚ್ಚಿನ ಮೇಲೆ ಇಳಿಸಿದಳು. ಎರಡನೆಯದು ಅದರ ಪಕ್ಕಕ್ಕೆ. ಸುತ್ತಿಗೆಯ ಏಟು. ಎಡಗೈ ಬೆನ್ನ ಹಿಂದಕ್ಕೆ ಬಂತು. ಅಂಗೈ ಮೇಲೆ.

ನಿಂತಿತು.

ಯಾರೂ ಕೊಡುವ ಹಾಗಿರಲಿಲ್ಲ. ನನ್ನ ಬೆರಳು ಸೀರೆಯ ಸೆರಗಿನೊಳಗೆ ತೆರೆದದ್ದು ನನಗೆ ತಿಳಿಯಿತು. ಪಕ್ಕದಲ್ಲಿ ಖೈರುನ್‌ಬಿ ತನ್ನ ಕಲ್ಲು ಬಿಟ್ಟು ಇತ್ತ ನೋಡುತ್ತಿದ್ದಳು. ಆ ಕೈಯ ಬೆರಳು ತುಸು ಮಡಿಚಿದವು. ಈಗ ಖಾಲಿ ಮುಂದೆ ಹೋಗುತ್ತದೆ ಎಂದುಕೊಂಡೆ. ಹೋಗಲಿಲ್ಲ. ಬೆನ್ನ ಹಿಂದೆಯೇ ಹೆಬ್ಬೆರಳು ಒಂದು ಕಡೆಗೆ, ನಡುಬೆರಳು ಒಂದು ಕಡೆಗೆ ಸರಿದು, ಒಂದು ಅಗಲಕ್ಕೆ ಬಂದು, ಗಟ್ಟಿಯಾಗಿ ನಿಂತವು.

ಸುಂಕವ್ವ ಆ ಕೈಯನ್ನು ಮುಂದೆ ತಂದಳು. ಬೆರಳು ಅಲುಗದಂತೆ ತಂದಳು, ತುಂಬಿದ ಬಟ್ಟಲನ್ನು ತರುವ ಹಾಗೆ. ಅದನ್ನು ನೋಡಿದಳು. ಚಕ್ಕೆಯ ರಾಶಿಯ ಮೇಲೆ ಹಿಡಿದು ಒಂದನ್ನು ಮುಟ್ಟಿದಳು, ಬಿಟ್ಟಳು. ಇನ್ನೊಂದನ್ನು ಮುಟ್ಟಿದಳು, ಅದು ಬೆರಳ ನಡುವೆ ಸರಿಯಾಗಿ ಕೂತಿತು. ಸಂದಿನಲ್ಲಿಟ್ಟು ಬಡಿದಳು.

ಬೇಡುವ ಕೈಯೂ ಕೊಡುವ ಕೈಯೂ ಒಂದೇ ಆಗಿದ್ದನ್ನು ನಾನು ಅಂದು ನೋಡಿದೆ. ವೈಜಯಂತಿ ನನ್ನ ಮೊಣಕೈ ಹಿಡಿದುಕೊಂಡಳು, ನೋವಾಗುವಷ್ಟು.

ಆಮೇಲೆ ಪ್ರತಿ ಕಲ್ಲಿಗೂ ಹಾಗೆಯೇ. ಬಹಳ ಸಾವಕಾಶ. ಉಳಿದವರ ಗೋಡೆಗಳು ಮುಗಿದು ಅವರು ಕೈ ತೊಳೆದು ನೆರಳಿಗೆ ಬಂದರು. ಇವಳ ಕೈ ಒಂದೊಂದು ಸಲಕ್ಕೂ ಸ್ವಲ್ಪ ಕಡಿಮೆ ಹಿಂದಕ್ಕೆ ಹೋಗುತ್ತಿತ್ತು. ಮೇಲಿನ ಸಾಲಿಗೆ ಬರುವ ಹೊತ್ತಿಗೆ ಸೊಂಟದವರೆಗೆ ಬಂದು ಅಲ್ಲಿಂದಲೇ ತಿರುಗಿತು. ಕೊನೆಯ ಕಲ್ಲಿನ ಹೊತ್ತಿಗೆ ಹಿಂದಕ್ಕೆ ಹೋಗಲೇ ಇಲ್ಲ.

ನನಗೆ ಸಂತೋಷವಾಯಿತು. ಜೊತೆಗೆ, ದಾವಲಸಾಬ ಈಗ ನಿಜವಾಗಿ ತೀರಿಕೊಂಡ ಎಂದೂ ಅನ್ನಿಸಿತು.

ಹಂಪಣ್ಣನವರು ಕೊಡ ಎತ್ತಿಸಿ ನೀರು ಸುರಿಸಿದರು. ಬುಡದ ಹತ್ತಿರ ಕೊಡೆ ಊರಿ ಕುಕ್ಕರಗಾಲಿನಲ್ಲಿ ಕೂತು ಕಾದರು. ನೀರು ಗೋಡೆಯ ತಲೆಯ ಮೇಲೆ ನಿಂತು, ಪಕ್ಕಕ್ಕೆ ತುಸು ಹರಿದು, ಅಲ್ಲೇ ಇಂಗಿತು. ಬುಡ ಒಣಗಿಯೇ ಇತ್ತು.

"ಬಾಳ ಸಾವಕಾಶ ಕಟ್ಟತಿ, ತಂಗಿ."

"ರೂಢಿ ಆಗತೈತ್ರಿ."

"ಆಗಲಿ. ನಿಂತ ಗ್ವಾಡಿಗೆ ಅವಸರ ಇರಂಗಿಲ್ಲ." ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡು ಮುದಗಲ್ ಸಾಹೇಬರ ಕಡೆ ತಿರುಗಿದರು. "ಈಕಿ ಗೌಂಡಿ. ಇನ್ನೊಂದ ಮಾತು. ಉಳಿದ ಗ್ವಾಡಿಗೆ ಇಬ್ಬಿಬ್ಬರು ಬೇಕಾದ್ರು ನೋಡ್ರಿ."

ಸಾಹೇಬರು ತಲೆದೂಗಿದರು. ಕೈಯಾಳು ಕಾರ್ಡು ಬಿದ್ದ ಐದು ಮಂದಿಯನ್ನು ಮುಂದಿನ ತಂಡದಲ್ಲಿ ಮತ್ತೆ ಕೂರಿಸುವುದಾಗಿ, ಎಲ್ಲರಿಗೂ ಎರಡೂ ಅಂಗಿ ಎಂದು ಆ ವಾರವೇ ಹೇಳಿದರು. ಖೈರುನ್‌ಬಿಗೆ ಗೌಂಡಿ ಕಾರ್ಡು ಬಂದಿತ್ತು. ಆದರೂ ಹೋಗಿ ನನ್ನ ಅಂಗಿ ಕೇಳಿ ತೊಟ್ಟಳು. "ಮಾತಿಗೆ ತಪ್ಪಿದ್ರ ಈಕಿ ಜನ್ಮಪೂರ್ತಿ ನನ್ನ ದುರುಗುಟ್ಟಿ ನೋಡತಾಳ" ಎಂದಳು.

ಮೊದಲ ಕೆಲಸ ಪಕ್ಕದ ಊರಿನ ಅಂಗನವಾಡಿ. ಸುಂಕವ್ವ, ಖೈರುನ್‌ಬಿ ಇಬ್ಬರೂ ಸೇರಿ ಹಿಡಿದಿದ್ದರು. ಬೆಳಿಗ್ಗೆ ನಾನೂ ಬುಟ್ಟಿ ಹೊರಲು ತಲೆಗೆ ಸಿಂಬಿ ಸುತ್ತಿಕೊಂಡು ಹೊರಟೆ. ಹೋಗಿ ಬುಟ್ಟಿಗೆ ಕೈ ಹಾಕಿದಾಗ ಸುಂಕವ್ವ ಅದನ್ನು ತೆಗೆದುಕೊಂಡು ಪಕ್ಕಕ್ಕಿಟ್ಟಳು.

"ನೀವು ಆ ಕಡಿ ಬೇವಿನ ನೆಳ್ಳಾಗ ಕೂಡ್ರಿ, ಅತ್ತಿ."

"ಕೂತು ಏನ್ ಮಾಡ್ಲಿ?"

"ಕೂಡ್ರಿ ಅಂದ್ರ ಕೂಡ್ರಿ. ಇಲ್ಲಿ ಮಾತಾಡಾಕ ಖೈರುನ್‌ಬಿ ಅದಾಳ, ಸಾಕು."

ಬೇವಿನ ಮರ ಗೋಡೆಯ ಆಚೆ ಇತ್ತು. ಕೂತೆ. ಕೂತು ರೂಢಿಯಿಲ್ಲ. ಇಷ್ಟು ವರ್ಷ ಗೋಡೆ ಏಳುವುದನ್ನು ನಾನು ಒಬ್ಬ ಗಂಡಸಿನ ಬೆನ್ನಿನ ಹಿಂದಿನಿಂದಲೇ ನೋಡಿದ್ದೆ. ಅದರ ಮುಖ ನೋಡುತ್ತಿದ್ದುದು ಮನೆ ಮುಗಿದು ಸುಣ್ಣ ಬಳಿದ ಮೇಲೆ, ಬೇರೆಯವರ ಮನೆಯೆಂದು ದೂರದಿಂದ. ಈಗ ಗೋಡೆ ನನ್ನ ಎದುರಿಗೇ ಏಳುತ್ತಿತ್ತು. ಅದರ ಹಿಂದೆ ಇಬ್ಬರ ಮುಖ ಕಾಣುತ್ತಿತ್ತು. ಕಲ್ಲಿನ ಮೇಲೆ ಬಾಗಿದಾಗ ಸುಂಕವ್ವ ಕೆಳತುಟಿ ಕಚ್ಚುತ್ತಾಳೆ; ಅದು ನನಗೆ ಗೊತ್ತಿರಲಿಲ್ಲ. ಮಾತು, ನಗು, ಸುತ್ತಿಗೆ. ಹೊತ್ತು ಏರಿದಂತೆ ಸಾಲೂ ಏರಿತು. ಮೊದಲು ಅವರ ಸೊಂಟ ಮರೆಯಾಯಿತು, ಆಮೇಲೆ ಎದೆ, ಆಮೇಲೆ ಬಾಯಿ. ಕಡೆಗೆ ತಲೆಗೆ ಕಟ್ಟಿದ ವಸ್ತ್ರದ ತುದಿ ಮಾತ್ರ ಉಳಿಯಿತು.

"ಅತ್ತಿ, ಅದೀರೇನ್ರಿ?" ಗೋಡೆಯ ಆಚೆಯಿಂದ ಸುಂಕವ್ವನ ದನಿ.

"ಅದೀನಿ."

"ಆ ಕಡಿಂದ ಹೆಂಗ ಕಾಣತೈತಿ?"

ನನ್ನನ್ನು ಇದುವರೆಗೆ ಯಾರೂ ಇದನ್ನು ಕೇಳಿರಲಿಲ್ಲ. ಎದ್ದೆ. ನಾಲ್ಕು ಹೆಜ್ಜೆ ಹಿಂದೆ ಸರಿದು, ಹಣೆಗೆ ಕೈ ಅಡ್ಡ ಹಿಡಿದು, ಬುಡದಿಂದ ತುದಿಯವರೆಗೆ ಸಾವಕಾಶವಾಗಿ ನೋಡಿದೆ.

"ಮ್ಯಾಲಿನ ಸಾಲಿನ್ಯಾಗ ಎಡಕ್ಕ ಒಂದ ಕಲ್ಲು ಹೊಟ್ಟಿ ಮುಂದ ಮಾಡೈತಿ."

ಗೋಡೆಯ ತಲೆಯ ಮೇಲಿಂದ ಒಂದು ಕೈ ಈಚೆಗೆ ಬಾಗಿತು. ಆಮೇಲೆ ಸುತ್ತಿಗೆ ಬಿತ್ತು. ಕಲ್ಲು ಒಂದು ಕೂದಲೆಳೆ ಒಳಗೆ ಸರಿಯಿತು.

"ಈಗ?"

"ಇನ್ನೊಂದು ಹಾಕು" ಎಂದೆ.